ಹೊಸ ಕ್ಲಚ್ ಕೇಬಲ್, ಮೂರೇ ತಿಂಗಳಿಗೆ ಮತ್ತೆ ಗಟ್ಟಿ

ನಮ್ಮ ಮನೆಯಲ್ಲಿರುವುದು 2004ರ ಮಾರುತಿ 800. ಒಂದು ಮಳೆಗಾಲದ ಸಂಜೆ ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಬರುತ್ತಿದ್ದೆ. ಮಂಡಗದ್ದೆ ದಾಟಿದ ಮೇಲೆ ಟಕ್ ಅಂತ ಸದ್ದಾಯಿತು. ಕ್ಲಚ್ ಪೆಡಲ್ ನೆಲಕ್ಕೆ ಹೋಗಿ ಮಲಗಿಬಿಟ್ಟಿತು. ಕೇಬಲ್ ಕಟ್.

ನಿಜ ಹೇಳಬೇಕೆಂದರೆ ಎರಡು ವಾರದಿಂದ ಕಾರು ಸೂಚನೆ ಕೊಡುತ್ತಲೇ ಇತ್ತು. ರಿವರ್ಸ್ ಹಾಕಿದಾಗಲೆಲ್ಲ ಕರ್ರ್ ಅನ್ನುತ್ತಿತ್ತು. ಮುಂದಿನ ಗೇರುಗಳಿಗೆ ಸಿಂಕ್ರೊಮೆಶ್, ಅಂದರೆ ಗೇರುಗಳ ವೇಗ ಹೊಂದಿಸುವ ವ್ಯವಸ್ಥೆ ಇರುತ್ತದೆ, ಕ್ಲಚ್ ಪೂರ್ತಿ ಬಿಡದಿದ್ದರೂ (ಅಂದರೆ ಪೆಡಲ್ ಒತ್ತಿದಾಗ ಎಂಜಿನ್ನಿನಿಂದ ಗೇರ್‌ಬಾಕ್ಸನ್ನು ಪೂರ್ತಿ ಬೇರ್ಪಡಿಸದಿದ್ದರೂ) ಅವು ಹೇಗೋ ಒಳಗೆ ಹೋಗುತ್ತವೆ. ರಿವರ್ಸಿಗೆ ಅದಿಲ್ಲ. ಹಾಗಾಗಿ ಕ್ಲಚ್ ಸರಿಯಾಗಿ ಬಿಡುತ್ತಿಲ್ಲ ಅಂತ ಮೊದಲು ಕೂಗುವುದು ರಿವರ್ಸೇ. ಕೇಬಲ್ಲಿನ ಎಳೆಗಳು ಒಂದೊಂದಾಗಿ ಕಡಿಯುತ್ತಿದ್ದವು, ಉಳಿದವು ಹಿಗ್ಗುತ್ತಿದ್ದವು. ನಾನು ಗೇರ್‌ಬಾಕ್ಸಿನ ಹತ್ತಿರ ಇರುವ ನಟ್ಟನ್ನು ನಾಲ್ಕು ಸುತ್ತು ಬಿಗಿ ಮಾಡಿ ಸುಮ್ಮನಾಗಿದ್ದೆ. ಪೆಡಲ್ ಕಡೆಯ ಕೊಂಡಿಯನ್ನು ಟಾರ್ಚ್ ಹಾಕಿ ನೋಡಿದ್ದರೆ ಸಾಕಿತ್ತು, ಬಿಚ್ಚಿಕೊಂಡ ಎಳೆಗಳು ಕಾಣುತ್ತಿದ್ದವು.

ಮನೆಗೆ ಇನ್ನೂ ಇಪ್ಪತ್ತೈದು ಕಿಲೋಮೀಟರ್ ಚಿಲ್ಲರೆ. ಎಂಜಿನ್ ಆಫ್ ಮಾಡಿ, ಒಂದನೇ ಗೇರಿಗೆ ಹಾಕಿ, ಕೀ ತಿರುಗಿಸಿದೆ. ಕಾರು ಕಪ್ಪೆಯ ಹಾಗೆ ಎರಡು ಸಲ ಕುಪ್ಪಳಿಸಿ ಹೊರಟಿತು. ಸ್ವಲ್ಪ ವೇಗ ಬಂದ ಮೇಲೆ ಆಕ್ಸಿಲರೇಟರ್ ಬಿಟ್ಟು ಲಿವರನ್ನು ಮೆಲ್ಲಗೆ ನ್ಯೂಟ್ರಲ್ಲಿಗೆ ಎಳೆದೆ. ಎಂಜಿನ್ ಸದ್ದು ಇಳಿಯುವಾಗ ಎರಡನೇ ಗೇರಿನ ಕಡೆ ಬೆರಳಲ್ಲೇ ಒತ್ತಿ ಹಿಡಿದರೆ ಒಂದು ಕ್ಷಣಕ್ಕೆ ತಾನಾಗಿಯೇ ಬೀಳುತ್ತದೆ. ಹೀಗೆ ಮೂರನೇ ಗೇರಿನವರೆಗೆ ಹೋಗಿ, ಅಲ್ಲೇ ಇದ್ದು ಊರು ಸೇರಿದೆ. ಖಾಲಿ ರಸ್ತೆ, ಹಾಗಾಗಿ ನಡೆಯಿತು. ಪೇಟೆಯ ಟ್ರಾಫಿಕ್ಕಿನಲ್ಲಿ ಈ ಸಾಹಸ ಬೇಡವೇ ಬೇಡ.

ಮಾರನೇ ದಿನ ಹೊಸ ಕೇಬಲ್ ತಂದು ನಾನೇ ಹಾಕಿದೆ. ಗೇರ್‌ಬಾಕ್ಸ್ ಕಡೆ ಸುಲಭ. ನಟ್ ಬಿಚ್ಚಿ, ಕ್ಲಚ್ಚಿನ ಆರ್ಮಿನಿಂದ ಕೇಬಲ್ ತೆಗೆದು, ಬ್ರಾಕೆಟ್‌ನಿಂದ ಹೊರಗೆಳೆದರೆ ಆಯಿತು. ಕಷ್ಟ ಇರುವುದು ಪೆಡಲ್ ಕಡೆ. ಕಾಲು ಸೀಟಿನ ಮೇಲೆ, ತಲೆ ಡ್ಯಾಶ್‌ಬೋರ್ಡಿನ ಕೆಳಗೆ. ನಲವತ್ತೈದು ದಾಟಿದವರು ಮೊದಲು ಬೆನ್ನಿನ ಒಪ್ಪಿಗೆ ಪಡೆದುಕೊಳ್ಳಿ. ಕೊಂಡಿಗೆ ಗ್ರೀಸ್ ಹಚ್ಚಿದೆ, ಕೇಬಲ್ ಎಲ್ಲೂ ಚೂಪಾಗಿ ಬಾಗದ ಹಾಗೆ ನೋಡಿಕೊಂಡೆ. ಆಮೇಲೆ ಪೆಡಲನ್ನು ಕೈಯಲ್ಲಿ ಒತ್ತಿ ಫ್ರೀ ಪ್ಲೇ ನೋಡಿದೆ. ಮೊದಲ 2 ಸೆಂಟಿಮೀಟರ್‌ನಷ್ಟು ಸಡಿಲ, ಆಮೇಲೆ ಭಾರ, ಹಾಗಿರಲಿ ಅಂತ ನಟ್ ಹೊಂದಿಸಿದೆ. ಆ ಸಡಿಲು ಇಲ್ಲದಿದ್ದರೆ ಕ್ಲಚ್ ಬಿಡಿಸುವ ಬೇರಿಂಗ್ ಸದಾ ಒತ್ತಿಕೊಂಡೇ ಇರುತ್ತದೆ, ಕ್ಲಚ್ ಪ್ಲೇಟ್ ಜಾರಿ ಸವೆಯುತ್ತದೆ. ಜಾಸ್ತಿ ಆದರೆ ಕ್ಲಚ್ ಬಿಡುವುದೇ ಇಲ್ಲ, ಮತ್ತೆ ರಿವರ್ಸ್ ಕರ್ರ್.

ಪೆಡಲ್ ಬೆಣ್ಣೆಯ ಹಾಗಾಯಿತು. ಮೂರು ತಿಂಗಳು ಮಾತ್ರ.

"ಏನ್ರೀ ಇದು, ಕ್ಲಚ್ ಒತ್ತೋಕೆ ಎರಡು ಕಾಲು ಬೇಕು" ಅಂತ ಮೊದಲು ಹೇಳಿದ್ದು ನನ್ನ ಹೆಂಡತಿ. ಗ್ಯಾರೇಜಿಗೆ ಹೋದೆ. ಅಲ್ಲಿಯವರು ಕೂತು ಒಂದು ಸಲ ಒತ್ತಿ ನೋಡಿ, "ಪ್ರೆಶರ್ ಪ್ಲೇಟ್ ಹೋಗಿದೆ ಸಾರ್, ಗೇರ್‌ಬಾಕ್ಸ್ ಇಳಿಸಬೇಕು" ಅಂದರು. ಇರಬಹುದು, ಕ್ಲಚ್ ಪ್ಲೇಟನ್ನು ಒತ್ತಿ ಹಿಡಿಯುವ ಆ ಪ್ರೆಶರ್ ಪ್ಲೇಟ್ ಹಳೆಯದಾದರೂ ಪೆಡಲ್ ಗಟ್ಟಿಯಾಗುತ್ತದೆ. ಆದರೆ ಕೇಬಲ್ ಬಿಚ್ಚಿ ನೋಡದೆ ಗೇರ್‌ಬಾಕ್ಸ್ ಇಳಿಸಲು ಮನಸ್ಸು ಬರಲಿಲ್ಲ. ಕಾರು ವಾಪಸ್ ತಂದೆ.

ಗೇರ್‌ಬಾಕ್ಸ್ ಕಡೆಯ ತುದಿ ಕಳಚಿ, ಪೆಡಲನ್ನು ಕೈಯಲ್ಲಿ ಒತ್ತಿದೆ. ಕ್ಲಚ್ಚಿನ ಭಾರವೇ ಇಲ್ಲದಿರುವಾಗ ಪೆಡಲ್ ಸುಮ್ನೆ ಹೋಗಬೇಕು ಅಲ್ವಾ? ಹೋಗಲಿಲ್ಲ. ಹಾಗಾದರೆ ತೊಂದರೆ ಕೇಬಲ್ಲಿನಲ್ಲೇ. ಇಡೀ ಕೇಬಲ್ ಹೊರಗೆ ತೆಗೆದು, ಬ್ಲೇಡ್ ಹಾಕಿ ಔಟರ್, ಅಂದರೆ ಹೊರಕವಚ, ಸೀಳಿದೆ. ತುಕ್ಕು ಇರಲಿಲ್ಲ, ನೀರೂ ಇರಲಿಲ್ಲ. ಒಳಗಿನ ಪ್ಲಾಸ್ಟಿಕ್ ಕೊಳವೆ ಕರಗಿ ತಂತಿಗೆ ಅಂಟಿಕೊಂಡಿತ್ತು!

ಸೈಲೆನ್ಸರ್ ಪೈಪ್ ತಾಗಿದ್ದರೆ ಔಟರ್ ಹೊರಗಿನಿಂದ ಸುಟ್ಟಿರಬೇಕು. ಇದು ಒಳಗಿನಿಂದ ಬಂದ ಬಿಸಿ. ಆಗ ನೆನಪಾಯಿತು, ಕೆಲವು ತಿಂಗಳಿಂದ ಬೆಳಗ್ಗೆ ಸೆಲ್ಫ್ ಸೋಮಾರಿಯಾಗಿತ್ತು. ಬ್ಯಾಟರಿಗೆ ವಯಸ್ಸಾಯಿತು ಅಂದುಕೊಂಡಿದ್ದೆ. ಆಕ್ಸಿಲರೇಟರ್ ಕೂಡ ಸ್ವಲ್ಪ ಬಿಗಿಯಾಗಿತ್ತು. ಮೂರನ್ನೂ ಬೇರೆ ಬೇರೆ ಕಾಯಿಲೆ ಅಂತ ನೋಡಿದ್ದು ನನ್ನ ತಪ್ಪು.

ಎಂಜಿನ್ ಮತ್ತು ಗೇರ್‌ಬಾಕ್ಸ್ ರಬ್ಬರ್ ಮೌಂಟಿಂಗ್ ಮೇಲೆ ಕೂತಿರುತ್ತವೆ. ರಬ್ಬರಿನಲ್ಲಿ ಕರೆಂಟ್ ಹರಿಯುವುದಿಲ್ಲ. ಅದಕ್ಕೇ ನನ್ನ ಕಾರಿನಲ್ಲಿ ಬ್ಯಾಟರಿಯ ನೆಗೆಟಿವ್‌ನಿಂದ ಒಂದು ವೈರ್ ಕಾರಿನ ಮೈಗೆ (ಬಾಡಿ), ಇನ್ನೊಂದು ದಪ್ಪ ವೈರ್ ಗೇರ್‌ಬಾಕ್ಸಿಗೆ ಹೋಗುತ್ತದೆ. ಸ್ಟಾರ್ಟರ್ ಮೋಟಾರ್ ತಿರುಗುವಾಗ ಎಳೆಯುವುದು ಸುಮಾರು 100 ಆಂಪಿಯರ್. ದಪ್ಪ ಅರ್ತ್ ವೈರ್ ಕೆಟ್ಟರೆ ಆ ಕರೆಂಟ್ ಬೇರೆ ದಾರಿ ಹುಡುಕುತ್ತದೆ. ಬಾಡಿಯಿಂದ ಎಂಜಿನ್ನಿಗೆ ಲೋಹದ ಸೇತುವೆಯ ಹಾಗೆ ಇರುವುದು ಕ್ಲಚ್ ಕೇಬಲ್ ಮತ್ತು ಆಕ್ಸಿಲರೇಟರ್ ಕೇಬಲ್. ಪ್ರತಿ ಸಲ ಸೆಲ್ಫ್ ಹೊಡೆದಾಗಲೂ ನನ್ನ ಕ್ಲಚ್ ಕೇಬಲ್ ಹೀಟರ್ ತಂತಿಯ ಕೆಲಸ ಮಾಡುತ್ತಿತ್ತು.

ಅನುಮಾನ ಇದ್ದರೆ ಸಾಲದು, ಅಳೆಯಬೇಕು. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಮೇಲೆ. ಮಲ್ಟಿಮೀಟರನ್ನು 20 ವೋಲ್ಟ್ ಡಿಸಿಗೆ ಇಟ್ಟು, ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್ ಕಂಬದ ಮೇಲೆ, ಇನ್ನೊಂದು ಗೇರ್‌ಬಾಕ್ಸಿನ ಬರಿ ಲೋಹದ ಮೇಲೆ. "ಸೆಲ್ಫ್ ಹೊಡಿ, ಎರಡೇ ಸೆಕೆಂಡು" ಅಂದೆ. ಅರ್ಧ ವೋಲ್ಟಿಗಿಂತ ಕಡಿಮೆ ಬರಬೇಕಾದ ಕಡೆ 3 ದಾಟಿತು. ಎಂಜಿನ್ ಬರೀ ಹೂಂ ಅಂತ ನರಳಿತು, ತಿರುಗಲಿಲ್ಲ. ಯಾಕೆಂದರೆ ಕ್ಲಚ್ ಕೇಬಲ್ ಆಗ ಹೊರಗಿತ್ತು, ಕರೆಂಟಿಗಿದ್ದ ಒಳ್ಳೆಯ ಕಳ್ಳದಾರಿ ಮುಚ್ಚಿತ್ತು. ಇಷ್ಟು ದಿನ ಕಾರು ಸ್ಟಾರ್ಟ್ ಆಗುತ್ತಿದ್ದುದೇ ಕ್ಲಚ್ ಕೇಬಲ್ಲಿನ ಪುಣ್ಯದಿಂದ! ಇನ್ನೊಂದು ಸಲ ಹೊಡೆಸಲಿಲ್ಲ, ಆಕ್ಸಿಲರೇಟರ್ ಕೇಬಲ್ ಸುಟ್ಟೀತು ಅಂತ ಭಯ.

ದಪ್ಪ ಅರ್ತ್ ವೈರ್ ನೋಡಲು ಚೆನ್ನಾಗಿಯೇ ಇತ್ತು. ಗೇರ್‌ಬಾಕ್ಸಿನ ಬೋಲ್ಟಿನ ಹತ್ತಿರ ಹಿಡಿದು ಎಳೆದರೆ ಲಗ್, ಅಂದರೆ ವೈರಿನ ತುದಿಯ ಲೋಹದ ಬಳೆ, ಕೈಗೇ ಬಂತು. ಒಳಗೆ ತಾಮ್ರ ಪೂರ್ತಿ ಹಸಿರು ಪುಡಿ. ನಮ್ಮ ಮಲೆನಾಡಿನ ಮಳೆ, ಕೆಸರು, ಇಷ್ಟು ವರ್ಷ. ಅಷ್ಟೇ ದಪ್ಪದ ಹೊಸ ವೈರಿಗೆ ಎರಡೂ ಕಡೆ ಲಗ್ ಒತ್ತಿಸಿಕೊಂಡು ಬಂದೆ. ಕೂರುವ ಜಾಗವನ್ನು ಮರಳು ಕಾಗದದಲ್ಲಿ ಹೊಳೆಯುವ ತನಕ ಉಜ್ಜಿ ಬಿಗಿದು, ಮೇಲೆ ವ್ಯಾಸಲಿನ್ ಹಚ್ಚಿದೆ. ಮತ್ತೆ ಅಳೆದೆ, 0.2 ವೋಲ್ಟ್. ಎಂಜಿನ್ ಒಂದೇ ಸಲಕ್ಕೆ ಎದ್ದಿತು, ಅದೇ ಹಳೇ ಬ್ಯಾಟರಿಯಲ್ಲಿ. ಆಮೇಲಷ್ಟೇ ಹೊಸ ಕ್ಲಚ್ ಕೇಬಲ್ ಹಾಕಿದೆ, ಜೊತೆಗೆ ಆಕ್ಸಿಲರೇಟರ್ ಕೇಬಲ್ಲೂ ಬದಲಾಯಿಸಿದೆ.

ಈಗ ಎರಡು ಮಳೆಗಾಲ ಕಳೆದಿವೆ. ಈ ಕೇಬಲ್ಲಿನ ನಟ್ಟನ್ನು ಇದುವರೆಗೆ ಒಂದೂವರೆ ಸುತ್ತು ಮಾತ್ರ ತಿರುಗಿಸಿದ್ದೇನೆ. ಪ್ರೆಶರ್ ಪ್ಲೇಟ್ ಇನ್ನೂ ಅದೇ ಹಳೆಯದು.