ನೋವು ಕಮ್ಮಿ ಇರುವ ದಿನವೇ ಹುಷಾರಾಗಿರಿ

ಸೊಂಟನೋವು 3 ತಿಂಗಳು ದಾಟಿದರೆ ಅದನ್ನು ದೀರ್ಘಕಾಲದ ನೋವು ಅನ್ನುತ್ತಾರೆ. ಪೆಟ್ಟು ವಾಸಿಯಾದ ಮೇಲೂ ನರಗಳು ನೋವಿನ ಸುದ್ದಿ ಕಳಿಸುತ್ತಲೇ ಇರಬಹುದು. ಹಾಗಂತ ನೋವು ಸುಳ್ಳಲ್ಲ.

ನೋವು ಕಮ್ಮಿ ಇದ್ದ ದಿನ ನಾನು ಬಟ್ಟೆ ಒಗೆದು, ಮನೆ ಒರೆಸಿ, ಅಟ್ಟವನ್ನೂ ಗುಡಿಸುತ್ತಿದ್ದೆ. ಆಮೇಲೆ ಎರಡು ದಿನ ಹಾಸಿಗೆ. ಈಗ ಫೋನಿನಲ್ಲಿ ಟೈಮರ್ ಇಡುತ್ತೇನೆ. ನಿಂತು ತರಕಾರಿ ಹೆಚ್ಚಿದರೆ 20 ನಿಮಿಷಕ್ಕೆ ಸೊಂಟ ಹಿಡಿಯುತ್ತದೆ, ಅದಕ್ಕೆ 15ಕ್ಕೇ ನಿಲ್ಲಿಸುತ್ತೇನೆ. ಬೀನ್ಸ್ ಅರ್ಧ ಉಳಿದಿದ್ದರೂ ಸರಿ, ಚಾಕು ಕೆಳಗಿಟ್ಟು ಕೂರುತ್ತೇನೆ. ಚೆನ್ನಾಗಿರುವ ದಿನವೂ ಅಷ್ಟೇ. ಅದೇ ಕಷ್ಟ, ಅಲ್ವಾ? ಒಂದೆರಡು ವಾರ ಹೊಂದಿಕೊಂಡರೆ ಎರಡು ನಿಮಿಷ ಜಾಸ್ತಿ ಮಾಡಿ. ಸುಮ್ನೆ ಮಲಗೇ ಇರಬೇಡಿ, ಮೈಯ ಶಕ್ತಿ ಕುಗ್ಗುತ್ತದೆ.

ತೊಡೆಸಂದಿ ಮರಗಟ್ಟಿದರೆ, ಕಾಲಿನ ಬಲ ಹೋದರೆ, ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ ಮಾತ್ರ ಕಾಯದೆ ತಕ್ಷಣ ಆಸ್ಪತ್ರೆಗೆ ಹೋಗಿ.