ಲೆಕ್ಕಕ್ಕೆ ಬಾರದ ಇಲಿಗಳು

ನಾನು ಆರು ವರ್ಷ ಇಲಿಗಳನ್ನು ಇಟ್ಟುಕೊಂಡು ಕೆಲಸ ಮಾಡಿದೆ. ಅವುಗಳ ಜೀನ್ ಕೆಡಿಸಿ, ಕಾಯಿಲೆ ಬರಿಸಿ, ಆ ಕಾಯಿಲೆಗೆ ಔಷಧ ನಾಟುತ್ತದಾ ಅಂತ ನೋಡುವ ಕೆಲಸ. "ಪಾಪ ಅನಿಸಲ್ವಾ?" ಅಂತ ಯಾರಾದರೂ ಕೇಳಿದರೆ ಉತ್ತರ ನಾಲಿಗೆ ತುದಿಯಲ್ಲೇ ಇರುತ್ತಿತ್ತು. "ಆ ಕಾಯಿಲೆ ಇರುವ ಮಗುವನ್ನು ಒಮ್ಮೆ ನೋಡಿ, ಆಮೇಲೆ ಮಾತಾಡೋಣ." ಎದುರಿನವರು ಸುಮ್ಮನಾಗುತ್ತಿದ್ದರು. ನಾನೂ ಅಷ್ಟಕ್ಕೇ ಬಿಡುತ್ತಿದ್ದೆ.

ಆ ಉತ್ತರ ಸುಳ್ಳೇನಲ್ಲ. ಆದರೆ ಅದು ಪ್ರಯೋಗಕ್ಕೆ ಬಳಸಿದ ಇಲಿಗೆ ಮಾತ್ರ ಹೊಂದುತ್ತದೆ. ನನ್ನ ಕೈಯಲ್ಲಿ ಸತ್ತ ಇಲಿಗಳಲ್ಲಿ ಹೆಚ್ಚಿನವು ಪ್ರಯೋಗದ ಹತ್ತಿರಕ್ಕೂ ಬಂದಿರಲಿಲ್ಲ. ಅದು ನನಗೆ ತಡವಾಗಿ ಹೊಳೆಯಿತು.

ನಾವು ನೋಡುತ್ತಿದ್ದ ಕಾಯಿಲೆ ಡುಶೆನ್ ಮಸ್ಕ್ಯುಲರ್ ಡಿಸ್ಟ್ರೊಫಿ. ಸುಮಾರು 5,000 ಗಂಡುಮಕ್ಕಳಲ್ಲಿ ಒಬ್ಬರಿಗೆ ಬರುತ್ತದೆ. ಡಿಸ್ಟ್ರೊಫಿನ್ ಅನ್ನುವ ಪ್ರೋಟೀನ್ ಇಲ್ಲದೆ ಸ್ನಾಯು ಸವೆಯುತ್ತಾ ಹೋಗುತ್ತದೆ. ಹನ್ನೆರಡು ವರ್ಷದ ಆಸುಪಾಸಿಗೆ ಹುಡುಗ ಗಾಲಿಕುರ್ಚಿ ಹಿಡಿಯುತ್ತಾನೆ. ಕೊನೆಗೆ ಉಸಿರಾಟಕ್ಕೂ ಹೃದಯಕ್ಕೂ ತಟ್ಟುತ್ತದೆ.

ಇದೇ ಪ್ರೋಟೀನ್ ಇಲ್ಲದ ಒಂದು ಇಲಿ ತಳಿ ಇದೆ, ಎಂಡಿಎಕ್ಸ್ ಅಂತ. 1984ರಲ್ಲಿ ವರದಿಯಾಯಿತು. ಅದನ್ನು ಯಾರೂ ಮಾಡಿದ್ದಲ್ಲ, ತಾನಾಗಿಯೇ ಹುಟ್ಟಿದ್ದು. ಸಮಸ್ಯೆ ಏನೆಂದರೆ, ಆ ಇಲಿ ನಮಗೆ ಬೇಕಾದಷ್ಟು ಕಾಯಿಲೆ ಬೀಳುವುದಿಲ್ಲ. ಆರಾಮಾಗಿ ಓಡಾಡಿಕೊಂಡು ಒಂದೂವರೆ ವರ್ಷ ದಾಟಿ ಬದುಕುತ್ತದೆ. ಯುಟ್ರೊಫಿನ್ ಅನ್ನುವ ಇನ್ನೊಂದು ಪ್ರೋಟೀನ್ ಅದರ ಕೈ ಹಿಡಿಯುತ್ತದೆ. ಸರಿ, 1997ರಲ್ಲಿ ಎರಡು ತಂಡಗಳು ಆ ಯುಟ್ರೊಫಿನ್ ಜೀನನ್ನೂ ಕೆಡಿಸಿದವು. ಎರಡೂ ಇಲ್ಲದ ಇಲಿಗೆ ಬೆನ್ನು ಗೂನಾಯಿತು, ತೂಕ ಇಳಿಯಿತು, ಹೆಚ್ಚೆಂದರೆ 20 ವಾರ ಬದುಕಿತು. ಈಗ ಮಗುವಿನ ಕಾಯಿಲೆಯ ಹಾಗೆ ಕಾಣತೊಡಗಿತು. ನಮ್ಮ ಲ್ಯಾಬಿಗೆ ಬೇಕಾಗಿದ್ದದ್ದೂ ಅದೇ. ಮೊದಲ ಸಲ ಓದಿದಾಗ "ಜಾಣ ಉಪಾಯ" ಅಂದುಕೊಂಡಿದ್ದೆ. ಪ್ರಾಣಿ ಸಾಕಷ್ಟು ನರಳುತ್ತಿಲ್ಲ ಅನ್ನುವುದೇ ಅದರ ದೋಷ ಅಂತ ನಾವು ತೀರ್ಮಾನ ಮಾಡಿದ್ದೇವಲ್ಲ ಅಂತ ಆಗ ಹೊಳೆಯಲೇ ಇಲ್ಲ.

ಈ ಇಲಿಗಳನ್ನು ಪಡೆಯುವುದು ಹೇಗೆ? ಎರಡೂ ಪ್ರೋಟೀನ್ ಇಲ್ಲದ ಇಲಿಗೆ ಮರಿ ಹಾಕುವ ಶಕ್ತಿ ಇಲ್ಲ. ಹಾಗಾಗಿ ಎಂಡಿಎಕ್ಸ್ ಇಲಿಗಳಲ್ಲೇ ಯುಟ್ರೊಫಿನ್ ಜೀನಿನ ಒಂದು ಪ್ರತಿ ಕೆಟ್ಟು ಒಂದು ಪ್ರತಿ ಸರಿ ಇರುವ ಗಂಡು ಹೆಣ್ಣನ್ನು ಜೋಡಿ ಮಾಡಬೇಕು. ಹುಟ್ಟುವ ನಾಲ್ಕು ಮರಿಯಲ್ಲಿ ಸರಾಸರಿ ಒಂದು ನಮಗೆ ಬೇಕಾದದ್ದು. ಮಿಕ್ಕ ಮೂರು ಬೇಡದ್ದು.

ಯಾವುದು ಯಾವುದು ಅಂತ ಮೂರು ವಾರದ ಹೊತ್ತಿಗೆ ಕಣ್ಣಿಗೆ ಗೊತ್ತಾಗುವುದಿಲ್ಲ. ತಾಯಿಯಿಂದ ಬೇರೆ ಮಾಡುವ ದಿನ ಕಿವಿಗೆ ಪಂಚ್ ಒತ್ತುತ್ತೇವೆ. ಕಾಗದಕ್ಕೆ ತೂತು ಹಾಕುವ ಸಾಧನದ ಹಾಗೇ, ಗಾತ್ರದಲ್ಲಿ ಚಿಕ್ಕದು. ಮರಿಯ ಕುತ್ತಿಗೆ ಹಿಂದಿನ ಸಡಿಲ ಚರ್ಮ ಹಿಡಿದರೆ ನಾಲ್ಕು ಕಾಲೂ ಗಾಳಿಯಲ್ಲಿ ಈಜುತ್ತವೆ. ಕ್ಲಿಕ್ ಅನ್ನುತ್ತದೆ. ಎರಡು ಮಿಲಿಮೀಟರ್ ಅಗಲದ ಒಂದು ಚೂರು ಟ್ಯೂಬಿಗೆ ಬೀಳುತ್ತದೆ. ತೂತಿನ ಜಾಗ ಅದರ ನಂಬರು, ಚೂರಿನ ಡಿಎನ್‌ಎ ಅದರ ಹಣೆಬರಹ. ಎರಡು ದಿನದಲ್ಲಿ ಪಿಸಿಆರ್ ಅನ್ನುವ ಡಿಎನ್‌ಎ ಪರೀಕ್ಷೆಯ ಫಲಿತಾಂಶ ಬರುತ್ತದೆ. ಬೇಕಾದದ್ದು ಒಂದು ಪಂಜರಕ್ಕೆ, ಮಿಕ್ಕದ್ದು ಇನ್ನೊಂದಕ್ಕೆ. ಆ ಇನ್ನೊಂದು ಪಂಜರ ಸಂಜೆಯೊಳಗೆ ಖಾಲಿ.

ಪ್ರಾಣಿಮನೆಯನ್ನು ನೋಡಿಕೊಳ್ಳುತ್ತಿದ್ದ ಹಿರಿಯರೊಬ್ಬರಿದ್ದರು. ನಾನು ಅವರನ್ನು ಅಣ್ಣ ಅನ್ನುತ್ತಿದ್ದೆ. ವರ್ಷದ ಕೊನೆಗೆ, ಪ್ರಾಣಿ ಪ್ರಯೋಗಕ್ಕೆ ಒಪ್ಪಿಗೆ ಕೊಡುವ ನೈತಿಕ ಸಮಿತಿಗೆ ವರದಿ ಬರೆಯುತ್ತಾ ಕೂತಿದ್ದೆ.

"ಎಷ್ಟು ಬರೆದಿದೀರಾ ಮೇಡಂ?"

"ಇಪ್ಪತ್ನಾಲ್ಕು ಅಣ್ಣಾ."

"ನನ್ನ ಪುಸ್ತಕದಲ್ಲಿ ನೂರ ಹದಿನೆಂಟು ಇದೆಯಲ್ಲ."

ಜಗಳದ ದನಿಯಲ್ಲ, ಸುಮ್ನೆ ಕೇಳಿದ್ದು. ಪುಸ್ತಕ ತಂದು ತೋರಿಸಿದರು. ಹುಟ್ಟಿದ್ದು 118. ಕಿವಿ ಪಂಚ್‌ಗೆ ಮೊದಲೇ ಸತ್ತದ್ದು 11. ತಳಿ ಮುಂದುವರಿಸಲು ಇಟ್ಟುಕೊಂಡದ್ದು 9. ಪ್ರಯೋಗಕ್ಕೆ 24. ಉಳಿದ 74ನ್ನು ನಾನೇ ಕೊಂದಿದ್ದೆ. ವರದಿಯ ನಮೂನೆಯಲ್ಲಿ "ಬಳಸಿದ ಪ್ರಾಣಿಗಳ ಸಂಖ್ಯೆ" ಅನ್ನುವ ಕಾಲಂ ಇತ್ತು. ಈ 74ಕ್ಕೆ ಕಾಲಮ್ಮೇ ಇರಲಿಲ್ಲ.

ಲ್ಯಾಬಿನಲ್ಲಿ ಯಾರೂ ಕೊಂದೆ ಅನ್ನುವುದಿಲ್ಲ. "ಸ್ಯಾಕ್ ಮಾಡಿದೆ" ಅನ್ನುತ್ತೇವೆ. ಸ್ಯಾಕ್ರಿಫೈಸ್ ಅನ್ನುವುದರ ತುಂಡು ಅದು, ಅಂದರೆ ಬಲಿ. ಬಲಿ ಅಂದ ಮೇಲೆ ಯಾವುದಕ್ಕೋ ಕೊಟ್ಟಿರಬೇಕು ಅಲ್ವಾ? ಈ 74ನ್ನು ಯಾವುದಕ್ಕೆ ಕೊಟ್ಟೆ ಅಂತ ನನಗೆ ಹೇಳಲು ಬರಲಿಲ್ಲ. ಅವತ್ತಿಂದ ನನ್ನ ನೋಟ್‌ಬುಕ್ಕಿನಲ್ಲಿ "ಕೊಂದದ್ದು" ಅಂತಲೇ ಬರೆಯತೊಡಗಿದೆ.

ಇದು ನನ್ನೊಬ್ಬಳ ಲೆಕ್ಕವೂ ಅಲ್ಲ. ಯುರೋಪಿಯನ್ ಒಕ್ಕೂಟದ ದೇಶಗಳು 2017ರ ಲೆಕ್ಕ ತೆಗೆದಾಗ, ಪ್ರಯೋಗಕ್ಕೆ ಬಳಸಿದ ಪ್ರಾಣಿಗಳು ಸುಮಾರು 94 ಲಕ್ಷ. ಪ್ರಯೋಗಕ್ಕಾಗಿ ಹುಟ್ಟಿಸಿ, ಬಳಸದೆ ಕೊಂದವು ಸುಮಾರು 1 ಕೋಟಿ 26 ಲಕ್ಷ. ಇವುಗಳಲ್ಲಿ ಬಹುಪಾಲು ಇಲಿಗಳು. ಜೀನ್ ಬದಲಿಸಿದ ತಳಿಗಳನ್ನು ಬೆಳೆಸುವುದು ಇದಕ್ಕೆ ದೊಡ್ಡ ಕಾರಣ.

ನನ್ನದೇ ತಪ್ಪಿನಿಂದ ಸತ್ತವೂ ಇವೆ. ಪಿಸಿಆರ್ ಟ್ಯೂಬುಗಳು ಎಂಟೆಂಟರ ಪಟ್ಟಿಯಾಗಿ ಬರುತ್ತವೆ. ಆ ಪಟ್ಟಿಗೆ ಎಡ ಬಲ ಅಂತ ಗುರುತಿರುವುದಿಲ್ಲ. ಒಂದು ಸಲ ತಿರುಗಾಮುರುಗಾ ಇಟ್ಟೆ. ಒಂದನೆಯದು ಎಂಟನೆಯದಾಯಿತು, ಎರಡನೆಯದು ಏಳನೆಯದಾಯಿತು. 2 ಮತ್ತು 3 ನಮಗೆ ಬೇಕಾದವು ಅಂತ ಫಲಿತಾಂಶ ಹೇಳಿತು. ಮಿಕ್ಕ ಆರನ್ನು ಕೊಂದೆ. ಮೂರು ವಾರದ ಮೇಲೆ ಅಣ್ಣ, "ಮೇಡಂ, ಈ ಎರಡು ಮೈ ಕೈ ತುಂಬ್ಕೊಂಡು ಚೆನ್ನಾಗೇ ಇದಾವಲ್ಲ?" ಅಂದರು. ಹೋಗಿ ನೋಡಿದರೆ ಒಂದು ಪಂಜರದ ಮುಚ್ಚಳದ ಸರಳು ಹಿಡಿದು ತಲೆಕೆಳಗಾಗಿ ನೇತಾಡುತ್ತಿದೆ. ಬೆನ್ನು ನೆಟ್ಟಗಿದೆ. ನಮಗೆ ಬೇಕಾಗಿದ್ದ ಇಲಿಗೆ ಅದು ಸಾಧ್ಯವೇ ಇಲ್ಲ. ಮತ್ತೆ ಪರೀಕ್ಷೆ ಮಾಡಿದೆ. ನಿಜವಾಗಿ ಬೇಕಾಗಿದ್ದವು 6 ಮತ್ತು 7. ಅವು ಹೋಗಿ ಮೂರು ವಾರವಾಗಿತ್ತು. ಅಂದಿನಿಂದ ಪಟ್ಟಿಯ ಒಂದನೇ ಟ್ಯೂಬಿನ ಮುಚ್ಚಳಕ್ಕೆ ಮಾರ್ಕರ್‌ನಿಂದ ಕಪ್ಪು ಗೆರೆ ಹಾಕದೆ ಕೆಲಸ ಶುರು ಮಾಡುತ್ತಿರಲಿಲ್ಲ. ಅಷ್ಟು ಸಣ್ಣ ಗೆರೆ.

ಸಮಿತಿಗೆ ಮುಂದಿನ ಅರ್ಜಿ ಬರೆಯುವಾಗ ಲೆಕ್ಕವನ್ನು ಕೊನೆಯಿಂದ ಹಾಕಿದೆ. ಎಷ್ಟು ಬೇಕು ಅನ್ನುವುದಕ್ಕೆ ಮೊದಲು ಎಷ್ಟು ಹುಟ್ಟುತ್ತವೆ, ಅವೆಲ್ಲ ಎಲ್ಲಿ ಹೋಗುತ್ತವೆ ಅಂತ ಬರೆದೆ. ಅಲ್ಲಿಯವರೆಗೆ ಹೋಲಿಕೆಗೆ ಬೇಕಾದ ಇಲಿಗಳನ್ನು ಬೇರೆ ಕಡೆಯಿಂದ ತರಿಸುತ್ತಿದ್ದೆವು. ಮನೆಯಲ್ಲಿ ಹುಟ್ಟಿದ್ದನ್ನು ಕೊಂದು ಹೊರಗಿನಿಂದ ತರಿಸುವುದು! ಈಗ ಒಡಹುಟ್ಟಿದವನ್ನೇ ಹೋಲಿಕೆಗೆ ಬಳಸಿದೆ. ವಿಜ್ಞಾನದ ದೃಷ್ಟಿಯಿಂದಲೂ ಅದೇ ಮೇಲು, ಒಂದೇ ತಾಯಿ, ಒಂದೇ ಪಂಜರ. ಔಷಧದ ಪ್ರಮಾಣ ಎಷ್ಟಾದರೆ ವಿಷವಾಗುತ್ತದೆ ಅನ್ನುವುದನ್ನು ಮೊದಲು ತಟ್ಟೆಯಲ್ಲಿ ಬೆಳೆಸಿದ ಸ್ನಾಯುಕೋಶಗಳಲ್ಲಿ ನೋಡಿಕೊಂಡೆ. ಆ ಸುತ್ತಿನಲ್ಲಿ ಹುಟ್ಟಿದ್ದು 90, ಬಳಸದೆ ಕೊಂದದ್ದು 14. ನನಗೆ ಸ್ವಲ್ಪ ಹೆಮ್ಮೆಯೇ ಆಯಿತು.

ಆ ಹೆಮ್ಮೆಗೆ ಸಹೋದ್ಯೋಗಿಯೊಬ್ಬರು ಸೂಜಿ ಚುಚ್ಚಿದರು. "ನೀನು ಇಲಿಗಳನ್ನು ಒಂದು ಕಾಲಮ್ಮಿನಿಂದ ಇನ್ನೊಂದಕ್ಕೆ ದಾಟಿಸಿದ್ದೀಯ ಅಷ್ಟೆ. ಮೊದಲು ಮೂರು ವಾರಕ್ಕೆ ನೋವಿಲ್ಲದೆ ಸಾಯುತ್ತಿದ್ದವು. ಈಗ ಮೂರು ತಿಂಗಳು ಇಂಜೆಕ್ಷನ್ ಚುಚ್ಚಿಸಿಕೊಂಡು ಸಾಯುತ್ತವೆ." ಹೊರಗಿನಿಂದ ತರಿಸುವುದು ತಪ್ಪಿತಲ್ಲ ಅಂದೆ. ಅದು ನಿಜವೇ. ಆದರೆ ಅವರು ಕೇಳಿದ್ದಕ್ಕೆ ಅದು ಉತ್ತರವಲ್ಲ. ವ್ಯರ್ಥವಾಗಿ ನೋವಿಲ್ಲದೆ ಸಾಯುವುದು ಮೇಲೋ, ಉಪಯೋಗಕ್ಕೆ ಬಂದು ನೊಂದು ಸಾಯುವುದು ಮೇಲೋ? ವ್ಯರ್ಥ ಅನ್ನುವುದು ನನ್ನ ಮನಸ್ಸಿನ ಕಿರಿಕಿರಿ. ಇಲಿಗೆ ಗೊತ್ತಿರುವುದು ಸೂಜಿ ಮಾತ್ರ. ಪ್ರಾಣಿ ಪ್ರಯೋಗದಲ್ಲಿ ಎಲ್ಲರೂ ಕಲಿಯುವ ಸೂತ್ರವೊಂದಿದೆ. ರಸೆಲ್ ಮತ್ತು ಬರ್ಚ್ 1959ರಲ್ಲಿ ಕೊಟ್ಟದ್ದು: ಸಾಧ್ಯವಾದಲ್ಲಿ ಪ್ರಾಣಿ ಬಿಟ್ಟು ಬೇರೆ ದಾರಿ ನೋಡು, ಸಂಖ್ಯೆ ಇಳಿಸು, ನೋವು ಇಳಿಸು. ಸಂಖ್ಯೆ ಇಳಿಸಲು ಹೋಗಿ ನೋವು ಹೆಚ್ಚಾದರೆ ಏನು ಮಾಡಬೇಕು ಅಂತ ಆ ಮೂರು ಮಾತು ತಾವಾಗಿ ಹೇಳಿಕೊಡುವುದಿಲ್ಲ. ನಾನು ಒಡಹುಟ್ಟಿದವನ್ನು ಬಳಸುವುದನ್ನು ಬಿಡಲಿಲ್ಲ. ಇಂಜೆಕ್ಷನ್ನುಗಳನ್ನು ಮಾತ್ರ ಅರ್ಧ ಮಾಡಿದೆ.

ನೋವಿನ ವಿಷಯಕ್ಕೆ ಬಂದರೆ ಒಂದು ಶುಕ್ರವಾರ ನನಗೆ ಮರೆಯಲಾಗುವುದಿಲ್ಲ. ತೂಕ 20 ಪ್ರತಿಶತ ಇಳಿದರೆ ಇಲಿಯನ್ನು ಅಲ್ಲಿಗೇ ಮುಗಿಸಬೇಕು ಅಂತ ಅರ್ಜಿಯಲ್ಲಿ ಬರೆದಿದ್ದೆವು. 16 ಗ್ರಾಂ ಇದ್ದ ಇಲಿ ಅವತ್ತು 13.1 ಗ್ರಾಂ. ಅಂದರೆ 18 ಪ್ರತಿಶತ. ಸೋಮವಾರ ಅದರ ಸ್ನಾಯುಬಲ ಅಳೆಯುವುದಿತ್ತು. ಕಣ್ಣು ಅರ್ಧ ಮುಚ್ಚಿತ್ತು, ಕಿವಿ ಹಿಂದಕ್ಕೆ ವಾಲಿತ್ತು. ಇಲಿಯ ಮುಖ ನೋಡಿ ನೋವು ಅಳೆಯುವ ಪಟ್ಟಿಯೇ ಇದೆ, 2010ರಲ್ಲಿ ಬಂದದ್ದು. ಕಣ್ಣು, ಮೂಗು, ಕೆನ್ನೆ, ಕಿವಿ, ಮೀಸೆ ನೋಡಿ ಅಂಕ ಹಾಕುವುದು. ಅದರ ಚಿತ್ರ ನಮ್ಮ ಗೋಡೆಯ ಮೇಲೇ ಅಂಟಿಸಿತ್ತು. ನಾನು ನೋಟ್‌ಬುಕ್ಕಿನಲ್ಲಿ "ಸ್ವಲ್ಪ ಮಂಕು" ಅಂತ ಬರೆದು ಮನೆಗೆ ಹೋದೆ. ಇನ್ನೂ ಎರಡು ಪ್ರತಿಶತ ಬಾಕಿ ಇತ್ತಲ್ಲ, ನಿಯಮ ಮೀರಿರಲಿಲ್ಲ. ಸೋಮವಾರ ಬೆಳಿಗ್ಗೆ ಅದು ಮೂಲೆಯಲ್ಲಿ ತಣ್ಣಗೆ ಬಿದ್ದಿತ್ತು. ಅಂಗಾಂಶ ಕೆಟ್ಟಿತ್ತು, ಅಳತೆಯೂ ಸಿಗಲಿಲ್ಲ.

ಆಮೇಲೆ ಮಿತಿಯನ್ನು 15ಕ್ಕೆ ತಂದೆ. ಮುಖ್ಯವಾಗಿ, ಮುಗಿಸುವ ಅಧಿಕಾರವನ್ನು ಅಣ್ಣನ ಕೈಗೆ ಕೊಟ್ಟೆ, ನನ್ನನ್ನು ಕೇಳಬೇಕಾಗಿಲ್ಲ ಅಂತ ಬರೆದೇ ಕೊಟ್ಟೆ. ಅಂಕಿಅಂಶಕ್ಕೆ ಕಾದು ಕೂತವಳ ಕಣ್ಣು ಸರಿಯಾಗಿ ಕಾಣುವುದಿಲ್ಲ. ಆಹಾರವನ್ನು ನೆನೆಸಿ ಮೆತ್ತಗೆ ಮಾಡಿ ಪಂಜರದ ನೆಲದಲ್ಲೇ ಇಟ್ಟೆವು, ನೀರಿನ ಬಾಟಲಿಗೆ ಉದ್ದ ನಳಿಕೆ ಹಾಕಿದೆವು. ಗೂನುಬೆನ್ನಿನ ಇಲಿಗೆ ಮೇಲಕ್ಕೆ ಎದ್ದು ನಿಲ್ಲಲು ಆಗುವುದಿಲ್ಲ, ಮೊದಲೇ ಹೊಳೆಯಬೇಕಿತ್ತು. ಬಾಲ ಹಿಡಿದು ಎತ್ತುವುದನ್ನೂ ಬಿಟ್ಟೆವು. ಬಾಲ ಹಿಡಿದರೆ ಇಲಿಗೆ ಆತಂಕ ಜಾಸ್ತಿ, ಕೊಳವೆಯೊಳಗೆ ತಾನಾಗಿ ನಡೆದು ಬಂದರೆ ಕಡಿಮೆ ಅಂತ 2010ರಲ್ಲೇ ಜೇನ್ ಹರ್ಸ್ಟ್ ಮತ್ತು ರೆಬೆಕ್ಕಾ ವೆಸ್ಟ್ ತೋರಿಸಿದ್ದರು. ಒಂದು ಪ್ಲಾಸ್ಟಿಕ್ ಕೊಳವೆ ಸಾಕು. ನಾವು ಎಷ್ಟೋ ವರ್ಷ ಬಾಲವನ್ನೇ ಹಿಡಿದೆವು, ಅಭ್ಯಾಸ ಅಂತ.

ಇದೇ ಕಾಯಿಲೆ ಇರುವ ನಾಯಿಗಳೂ ಇವೆ. 2018ರಲ್ಲಿ ಅಂಥ ನಾಲ್ಕು ಬೀಗಲ್ ಮರಿಗಳಿಗೆ ಜೀನ್ ತಿದ್ದುವ ಕ್ರಿಸ್ಪರ್ ಚಿಕಿತ್ಸೆ ಕೊಟ್ಟು, ಸ್ನಾಯುಗಳಲ್ಲಿ ಡಿಸ್ಟ್ರೊಫಿನ್ ಮತ್ತೆ ಕಾಣಿಸಿದ ವರದಿ ಬಂತು. ನಾನು ಖುಷಿಯಿಂದ ಗೆಳತಿಗೆ ಹೇಳಿದೆ. "ನಾಯಿ ಮೇಲಾ?" ಅಂತ ಅವಳ ಮುಖ ಸಪ್ಪಗಾಯಿತು. ಐದು ವರ್ಷದಿಂದ ನನ್ನ ಇಲಿ ಕಥೆ ಕೇಳಿ ತಲೆಯಾಡಿಸಿದವಳು. ನಾಲ್ಕು ನಾಯಿ ಅವಳಿಗೆ ತಟ್ಟಿತು, 118 ಇಲಿ ತಟ್ಟಲಿಲ್ಲ. ನಗಬೇಡಿ, ನನಗೂ ಹಾಗೇ. ಆ ವರದಿಯ ಮರಿಗಳ ಚಿತ್ರವನ್ನು ನಾನು ಎರಡು ಸಲ ನೋಡಿದ್ದೆ. ಇಲಿಗಳ ಚಿತ್ರವನ್ನು ಯಾರೂ ಎರಡು ಸಲ ನೋಡುವುದಿಲ್ಲ.

ಇನ್ನೊಬ್ಬ ಸಹೋದ್ಯೋಗಿ ಒಂದು ಸಲ ಗಂಭೀರವಾಗಿಯೇ ಕೇಳಿದ: "ಎರಡು ಜೀನ್ ತೆಗೆದಿದ್ದೇವೆ. ನೋವು ಗೊತ್ತಾಗುವ ಜೀನನ್ನೂ ತೆಗೆದರೆ? ಎಲ್ಲರಿಗೂ ನೆಮ್ಮದಿ." ಸಾಧ್ಯವಿಲ್ಲದ ಮಾತಲ್ಲ. ಎಸ್‌ಸಿಎನ್9ಎ ಜೀನ್ ಕೆಲಸ ಮಾಡದ ಮಕ್ಕಳಿಗೆ ನೋವೇ ಗೊತ್ತಾಗುವುದಿಲ್ಲ ಅಂತ 2006ರಲ್ಲಿ ವರದಿಯಾಗಿತ್ತು. ಆ ಮಕ್ಕಳು ತುಟಿ ನಾಲಿಗೆ ಕಚ್ಚಿಕೊಂಡು ಗಾಯ ಮಾಡಿಕೊಂಡಿದ್ದರು, ಮೂಳೆ ಮುರಿದರೂ ತಿಳಿಯುತ್ತಿರಲಿಲ್ಲ. ಗೂನುಬೆನ್ನಿನ, ಉಸಿರು ಸಾಲದ ಇಲಿ ಮುಖ ಕಿವುಚದೆ ಆರಾಮಾಗಿ ಕೂತಿರುತ್ತದೆ ಅಂದುಕೊಳ್ಳಿ. ಅದು ಯಾವಾಗ ಸಾಕು ಅನ್ನುತ್ತಿದೆ ಅಂತ ಅಣ್ಣನಿಗೂ ಗೊತ್ತಾಗುವುದಿಲ್ಲ. ನಾನು ಬೇಡ ಅಂದೆ. ಆದರೆ ಯಾಕೆ ಬೇಡ ಅಂತ ಕೇಳಿದಾಗ ನಾನು ಕೊಟ್ಟ ಕಾರಣ ಪೂರ್ತಿ ಪ್ರಾಮಾಣಿಕವಾಗಿರಲಿಲ್ಲ. "ಫಲಿತಾಂಶ ಕೆಡುತ್ತದೆ" ಅಂದಿದ್ದೆ.

2023ರ ಜೂನ್‌ನಲ್ಲಿ ಅಮೆರಿಕದಲ್ಲಿ ಈ ಕಾಯಿಲೆಯ ಮೊದಲ ಜೀನ್ ಚಿಕಿತ್ಸೆಗೆ ಒಪ್ಪಿಗೆ ಸಿಕ್ಕಿತು. ಆಮೇಲೆ ಅದರ ಸುರಕ್ಷತೆ ಬಗ್ಗೆ ಪ್ರಶ್ನೆಗಳೂ ಎದ್ದವು. ಅದು ನಮ್ಮ ಲ್ಯಾಬಿನದ್ದಲ್ಲ. ಎಂಡಿಎಕ್ಸ್ ಇಲಿಗಳು ಇಲ್ಲದಿದ್ದರೆ ಅದು ಅಲ್ಲಿಯವರೆಗೆ ಬರುತ್ತಿರಲಿಲ್ಲ ಅಂತ ಮಾತ್ರ ನನಗೆ ಗೊತ್ತು.

ನಮ್ಮ ಯೋಜನೆಯ ಹಣ ಮುಗಿದಾಗ ತಳಿಯನ್ನು ಮುಚ್ಚಿದೆವು. ಮತ್ತೆ ಬೇಕಾದರೆ ಇರಲಿ ಅಂತ ಗಂಡುಗಳ ವೀರ್ಯವನ್ನು ಸಣ್ಣ ಸ್ಟ್ರಾಗಳಲ್ಲಿ ತುಂಬಿ, ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಇಟ್ಟೆ. ಸುಮ್ಮನೆ ತಳಿ ಉಳಿಸಿಕೊಳ್ಳಲು ಇಲಿ ಸಾಕುವುದು ತಪ್ಪಿತು. ಕೊನೆಗೆ 11 ಉಳಿದವು. ಆರೋಗ್ಯವಾಗಿದ್ದವು, ಯಾವ ಪ್ರಯೋಗಕ್ಕೂ ಬೇಡವಾಗಿದ್ದವು. ಕೊಳವೆ ಇಟ್ಟರೆ ಒಂದೊಂದಾಗಿ ತಾವೇ ನಡೆದು ಬಂದವು. ಅಷ್ಟು ಹೊತ್ತಿಗೆ ನಮೂನೆಗೆ ಹೊಸ ಕಾಲಂ ಸೇರಿತ್ತು, "ಹುಟ್ಟಿಸಿ ಬಳಸದೆ ಕೊಂದವು" ಅಂತ. 11 ಅಂತ ತುಂಬಿದೆ. ಅಣ್ಣ ತಮ್ಮ ಪುಸ್ತಕ ತೆಗೆದು ನೋಡಿ, ಸರಿ ಇದೆ ಅಂತ ತಲೆಯಾಡಿಸಿ, ಪಂಜರ ತೊಳೆಯಲು ಹೋದರು.