1964ರ ಆಲ್ಫಾ ರೋಮಿಯೊಗೆ ಮೊದಲಿನ ರೂಪ ಕೊಡುವುದು ಹೇಗೆ?

ಈ ಕಾರಿನ ಮೂತಿ ನೋಡಿ. ಬಾನೆಟ್ಟಿನ ಅಂಚು ಅದರ ಕೆಳಗಿನ ತಗಡಿಗಿಂತ ಚೂರು ಮೇಲೆ ನಿಂತಿದೆ. ಬಾನೆಟ್ ಸರಿಯಾಗಿ ಕೂತಿಲ್ಲ ಎಂದೇ ಮೊದಲ ಸಲ ನೋಡಿದವರಿಗೆ ಅನಿಸುತ್ತದೆ. ಟಿಂಕರಿಂಗ್‌ನವರೊಬ್ಬರು ಪಾಪ, ಅದನ್ನು ತಟ್ಟಿ ಸಮ ಮಾಡಿಟ್ಟಿದ್ದ ಕಾರನ್ನೂ ನೋಡಿದ್ದೇನೆ. ಇಟಲಿಯವರು ಅದನ್ನು ‘ಸ್ಕಲೀನೊ’ ಅನ್ನುತ್ತಾರೆ, ಅಂದರೆ ಮೆಟ್ಟಿಲು. ಕಾರು ಹುಟ್ಟಿದ್ದೇ ಹಾಗೆ.

ಇಟಲಿಯ ಆಲ್ಫಾ ರೋಮಿಯೊ ಕಂಪನಿಯ ಈ ಕಾರಿನ ಹೆಸರು ಜೂಲಿಯಾ ಸ್ಪ್ರಿಂಟ್ ಜಿಟಿ. 1963ರಲ್ಲಿ ಬಂತು. ಕಾರಿನ ವಿನ್ಯಾಸ ಮಾಡುವ ಬೆರ್ತೋನೆ ಸಂಸ್ಥೆಯಲ್ಲಿದ್ದ, ಇನ್ನೂ 25 ದಾಟದ ಹುಡುಗ ಜಾರ್ಜೆತ್ತೊ ಜುಜಾರೊ ಇದರ ಗೆರೆ ಎಳೆದವನು. ಮಿಲಾನ್ ಪಕ್ಕದ ಅರೇಸೆಯಲ್ಲಿ ಆಗಷ್ಟೇ ಶುರುವಾಗಿದ್ದ ಕಾರ್ಖಾನೆಯಲ್ಲಿ ತಯಾರಾಯಿತು. 1570 ಸಿಸಿ ಎಂಜಿನ್, ಐದು ಗೇರ್, ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್. ಅರವತ್ತರ ದಶಕದಲ್ಲೇ 180 ಕಿ.ಮೀ. ವೇಗ ಮುಟ್ಟುತ್ತಿತ್ತು. ಕೆಲಸದ ಮೇಲೆ ಮಿಲಾನಿಗೆ ಹೋದ ನಾನು ಎರಡು ಚಳಿಗಾಲದ ಶನಿವಾರಗಳನ್ನೆಲ್ಲ ಅಲ್ಲಿನ ಗ್ಯಾರೇಜೊಂದರಲ್ಲಿ ಇಂಥದ್ದೊಂದು ಕಾರಿನ ಕೆಳಗೆ ಮಲಗಿ ಕಳೆದೆ. ಅಲ್ಲಿ ಕಲಿತದ್ದನ್ನು ಇಲ್ಲಿ ಹೇಳುತ್ತಿದ್ದೇನೆ.

ಮೊದಲು ಕಾಗದ, ಆಮೇಲೆ ಪಾನಾ

ಒಂದು ಬೋಲ್ಟನ್ನೂ ಬಿಚ್ಚುವ ಮೊದಲು ಷಾಸಿ ನಂಬರ್, ಎಂಜಿನ್ ನಂಬರ್ ಬರೆದುಕೊಳ್ಳಿ. ಅರೇಸೆಯ ಆಲ್ಫಾ ರೋಮಿಯೊ ಮ್ಯೂಸಿಯಂನಲ್ಲಿ ಕಂಪನಿಯ ದಾಖಲೆ ವಿಭಾಗ ಇದೆ. ಷಾಸಿ ನಂಬರ್ ಕೊಟ್ಟು ಅರ್ಜಿ ಹಾಕಿದರೆ, ಕಾರು ಯಾವಾಗ ತಯಾರಾಯಿತು, ಯಾವ ಬಣ್ಣದಲ್ಲಿತ್ತು, ಎಲ್ಲಿಗೆ ಮಾರಾಟಕ್ಕೆ ಹೋಯಿತು ಎಂದು ಪತ್ರ ಕೊಡುತ್ತಾರೆ. ಇದು ಆ ಕಾರಿನ ಜಾತಕ ಇದ್ದಂತೆ. ‘ಕೆಂಪೇ ಇರಬೇಕು, ಇಟಲಿ ಕಾರಲ್ಲವೇ’ ಎಂದುಕೊಂಡವರಿಗೆ ಬಿಳಿ ಎಂದೋ ಬೂದು ಎಂದೋ ಉತ್ತರ ಬಂದರೆ ಮುಖ ಬಾಡುತ್ತದೆ. ಆದರೂ ಬಿಳಿಯೇ ಬಳಿಯಬೇಕು.

ಆಮೇಲೆ ಫೋಟೊ. ಪ್ರತಿ ವೈರ್, ಪ್ರತಿ ಕ್ಲಿಪ್, ಪೈಪ್ ಯಾವ ಕಡೆಯಿಂದ ಬಾಗಿ ಹೋಗಿದೆ ಎಂಬುದೂ ಬೇಕು. ಬಿಚ್ಚಿದ್ದನ್ನೆಲ್ಲ ಬೇರೆ ಬೇರೆ ಡಬ್ಬಿಗೆ ಹಾಕಿ ಚೀಟಿ ಅಂಟಿಸಿ. ಹಾಳಾದ ಭಾಗವನ್ನು ಕೂಡಲೇ ಎಸೆಯಬೇಡಿ. ಹೊಸದಾಗಿ ಬಂದ ಭಾಗ ಸರಿಯಿದೆಯೇ ಎಂದು ಪಕ್ಕದಲ್ಲಿಟ್ಟು ನೋಡುವುದಕ್ಕೆ ಅದೇ ಬೇಕಾಗುತ್ತದೆ.

ನಮ್ಮಲ್ಲಿ ಪದ್ಮಿನಿ ಬಿಚ್ಚಿ ಜೋಡಿಸಿದವರಿಗೆ ಇದೆಲ್ಲ ಹೊಸದಲ್ಲ, ಅದೂ ಮೂಲದಲ್ಲಿ ಇಟಲಿಯ ಫಿಯೆಟ್ 1100 ತಾನೇ. ಆದರೆ ‘ಇನ್ಯಾವುದೋ ಗಾಡಿದು ಕೂರುತ್ತೆ ಬಿಡಿ’ ಎಂಬ ನಮ್ಮ ಜಾಣತನವನ್ನು ಗೇಟಿನ ಹೊರಗೇ ಬಿಟ್ಟು ಬರಬೇಕು.

ತುಕ್ಕು

ಹಣ, ಸಮಯ ಎರಡನ್ನೂ ನುಂಗುವುದು ಇದೇ. ಬಟ್ಟೆ ಸುತ್ತಿದ ಅಯಸ್ಕಾಂತ ಹಿಡಿದು ಬಾಡಿಯ ಮೇಲೆ ಆಡಿಸಿ. ಹಿಡಿಯದ ಜಾಗದಲ್ಲಿ ತಗಡಿಲ್ಲ, ಪುಟ್ಟಿ ಇದೆ. ಬಾಗಿಲ ಕೆಳಗಿನ ಸಿಲ್, ಕಾಲಿಡುವ ನೆಲ, ಜಾಕ್ ಕೊಡುವ ಜಾಗ, ಡಿಕ್ಕಿಯಲ್ಲಿ ಸ್ಟೆಪ್ನಿ ಕೂರುವ ಗುಂಡಿ, ಹಿಂದಿನ ಗಾಜಿನ ಕೆಳಮೂಲೆಗಳನ್ನು ತಪ್ಪದೆ ನೋಡಿ.

ಇವುಗಳಲ್ಲಿ ಸಿಲ್ ಮುಖ್ಯ. ಈ ಕಾರಿಗೆ ಬೇರೆ ಷಾಸಿ ಚೌಕಟ್ಟು ಇಲ್ಲ, ಬಾಡಿಯೇ ಭಾರ ಹೊರುತ್ತದೆ. ಸಿಲ್ ಒಂದೇ ತಗಡಲ್ಲ, ಒಳಗೆ, ನಡುವೆ, ಹೊರಗೆ ಎಂದು ಮೂರು ಪದರ. ಹೊರಗಿನದನ್ನು ಮಾತ್ರ ಬದಲಿಸಿ ಬಣ್ಣ ಹೊಡೆದು ಮಾರುವವರು ಬೇಕಾದಷ್ಟಿದ್ದಾರೆ. ನಡುವಿನ ಪದರ ತಿಂದುಹೋಗಿದ್ದರೆ ಕಾರು ಹೊಟ್ಟೆ ಬಿಟ್ಟಂತೆ ನಡುವೆ ಜಗ್ಗುತ್ತದೆ, ಬಾಗಿಲು ಎತ್ತಿ ಹಾಕಬೇಕಾಗುತ್ತದೆ.

ಕತ್ತರಿಸುವ ಮೊದಲು ಕಾರನ್ನು ಮಟ್ಟಸವಾಗಿ ನಿಲ್ಲಿಸಿ, ಬಾಗಿಲ ಬಾಯಿಗೆ ಅಡ್ಡ ಕಬ್ಬಿಣದ ಪೈಪ್ ವೆಲ್ಡ್ ಮಾಡಿ. ಒಂದು ಬದಿ ಪೂರ್ತಿ ಮುಗಿಯುವವರೆಗೂ ಇನ್ನೊಂದು ಬದಿಗೆ ಕೈ ಹಚ್ಚಬೇಡಿ. ಹೊಸ ತಗಡು ಕೂರಿಸುವಾಗ ಅಲ್ಲಲ್ಲಿ ಚುಕ್ಕಿ ವೆಲ್ಡ್ ಹಾಕಿ, ಬಾಗಿಲು ತೂಗುಹಾಕಿ, ಸಂದು ಮೇಲಿಂದ ಕೆಳಗಿನವರೆಗೆ ಒಂದೇ ಸಮ ಇದೆಯೇ ನೋಡಿ. ಸರಿ ಬಂದ ಮೇಲಷ್ಟೇ ಪೂರ್ತಿ ವೆಲ್ಡ್.

ಎಂಜಿನ್: ನಾನು ಕೆಟ್ಟ ಕಥೆ

ಬ್ಲಾಕ್, ಹೆಡ್ ಎರಡೂ ಅಲ್ಯೂಮಿನಿಯಂ. ಒಳಗೆ ಪಿಸ್ಟನ್ ಆಡುವ ಕೊಳವೆಗಳು, ಅಂದರೆ ಎರಕದ ಕಬ್ಬಿಣದ ನಾಲ್ಕು ಲೈನರ್‌ಗಳು, ಅವುಗಳ ಸುತ್ತ ನೇರವಾಗಿ ನೀರು. ವರ್ಷಗಟ್ಟಲೆ ಕೂಲೆಂಟ್ ಇಲ್ಲದೆ ಬರೀ ನೀರು ಹಾಕಿ ಓಡಿಸಿದ ಗಾಡಿಯಾದರೆ ಹೆಡ್ಡು ಅದನ್ನು ಬ್ಲಾಕಿಗೆ ಬಿಗಿಯುವ ಸ್ಟಡ್‌ಗಳಿಗೆ ಕಚ್ಚಿಕೊಂಡಿರುತ್ತದೆ. ನಮ್ಮದೂ ಹಾಗೇ ಇತ್ತು. ಒಂಬತ್ತು ದಿನ ಎಣ್ಣೆ ಬಿಟ್ಟು, ಮರದ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ, ಮತ್ತೆ ಎಣ್ಣೆ ಬಿಟ್ಟು ಕಾದೆವು. ಕೊನೆಗೆ ‘ಟಪ್’ ಎಂದು ಬಿಟ್ಟುಕೊಂಡಿತು. ಆ ಖುಷಿಯಲ್ಲಿ ಪಿಸ್ಟನ್ ಹೇಗಿವೆ ನೋಡೋಣ ಎಂದು ನಾನು ಕ್ರ್ಯಾಂಕ್ ತಿರುಗಿಸಿಬಿಟ್ಟೆ. ಪಿಸ್ಟನ್ ಜೊತೆ ಮೂರನೇ ಲೈನರ್ ಕೂಡ ಮೇಲೆದ್ದು ಬಂತು. ಅದರ ಬುಡದ ಸೀಲ್ ಹೋಯಿತು. ಹಾಗೇ ಬಿಟ್ಟಿದ್ದರೆ ನೀರು ನೇರ ಆಯಿಲ್ ಸಂಪಿಗೆ. ಸೀಲಿನ ಬೆಲೆ ಕಾಫಿಯಷ್ಟು. ಅದಕ್ಕಾಗಿ ಇಡೀ ಎಂಜಿನ್ ಬಿಚ್ಚಬೇಕಾಯಿತು. ಗ್ಯಾರೇಜಿನ ಹಿರಿಯರು ಒಂದು ಮಾತೂ ಆಡಲಿಲ್ಲ, ಬೈದಿದ್ದರೇ ವಾಸಿಯಿತ್ತು.

ನೀವು ಹೀಗೆ ಮಾಡಿ. ಹೆಡ್ ತೆಗೆದ ಕೂಡಲೇ ಸ್ಟಡ್‌ಗಳಿಗೆ ಪೈಪ್ ತುಂಡು, ದಪ್ಪ ವಾಷರ್ ತೂರಿಸಿ ನಟ್ ಹಾಕಿ, ಲೈನರ್‌ಗಳನ್ನು ಒತ್ತಿ ಹಿಡಿಸಿ. ಆಮೇಲೆ ಕ್ರ್ಯಾಂಕ್ ಮುಟ್ಟಿ.

ಮರುಜೋಡಣೆಯಲ್ಲಿ ತಾಳ್ಮೆ ಬೇಡುವುದು ವಾಲ್ವ್ ಸಂದು, ಅಂದರೆ ಕ್ಯಾಮಿಗೂ ಅದು ತಳ್ಳುವ ವಾಲ್ವಿಗೂ ನಡುವಿನ ಅಂತರ. ಎಂಜಿನ್ ತಣ್ಣಗಿದ್ದಾಗ ಇನ್‌ಲೆಟ್‌ಗೆ 0.475ರಿಂದ 0.50 ಮಿ.ಮೀ., ಎಕ್ಸಾಸ್ಟ್‌ಗೆ 0.525ರಿಂದ 0.55. ಸ್ಕ್ರೂ ತಿರುಗಿಸಿ ಹೊಂದಿಸುವಂತಿಲ್ಲ, ಪ್ರತಿ ವಾಲ್ವಿನ ಕಾಂಡದ ತುದಿಯ ಮೇಲೆ ಕೂರುವ ಶಿಮ್ ಎಂಬ ಪುಟ್ಟ ಬಿಲ್ಲೆ ಬದಲಿಸಬೇಕು. ಅದಕ್ಕೆ ಕ್ಯಾಮ್ ಶಾಫ್ಟ್ ತೆಗೆಯಬೇಕು. ಆದ್ದರಿಂದ ಎಂಟೂ ವಾಲ್ವ್ ಅಳೆದು, ಎಂಟು ಅಂಕಿ ಬರೆದುಕೊಂಡು, ಬೇಕಾದ ಶಿಮ್‌ಗಳನ್ನು ಒಟ್ಟಿಗೇ ತರಿಸಿ.

ಐಡ್ಲಿಂಗ್‌ನಲ್ಲಿ ಎಂಜಿನ್ ಕುಂಟಿದರೆ ಎಲ್ಲರೂ ವೆಬರ್ ಕಾರ್ಬುರೇಟರ್‌ಗಳನ್ನೇ ಬೈಯುತ್ತಾರೆ, ಪೆಟ್ರೋಲ್ ಅಳೆದು ಬಿಡುವ ಜೆಟ್ ಮೇಲೆ ಜೆಟ್ ಬದಲಿಸುತ್ತಾರೆ. ಮೊದಲು ಕಾರ್ಬುರೇಟರ್ ಹಿಂದಿನ ರಬ್ಬರ್ ಮೌಂಟ್ ಬಗ್ಗಿಸಿ ನೋಡಿ. ಅದು ಬಿರುಕು ಬಿಟ್ಟು ಗಾಳಿ ಎಳೆಯುತ್ತಿರುತ್ತದೆ.

ಬಣ್ಣ, ಬ್ರೇಕ್ ಮತ್ತು ಆಸೆ

ಬಣ್ಣದ ಹೆಸರು ಕಾಗದದಲ್ಲಿದ್ದರೂ ಛಾಯೆ ಕಾರಿನಲ್ಲೇ ಸಿಗಬೇಕು. ಬಿಸಿಲು ಬೀಳದ ಜಾಗ, ಅಂದರೆ ಡ್ಯಾಶ್‌ಬೋರ್ಡ್ ಹಿಂದೆ, ಹಿಂದಿನ ಸೀಟಿನ ಕೆಳಗೆ ಹುಡುಕಿ. ನಾಣ್ಯದಗಲ ಜಾಗವನ್ನು ವಾಟರ್ ಪೇಪರ್‌ನಲ್ಲಿ ಮೆಲ್ಲಗೆ ಉಜ್ಜಿದರೆ ತೇಗದ ಮರ ಕೊಯ್ದಾಗ ಕಾಣುವ ಉಂಗುರಗಳಂತೆ ಪದರಗಳು ತೆರೆದುಕೊಳ್ಳುತ್ತವೆ. ಪ್ರೈಮರ್ ಮೇಲಿನ ಮೊದಲ ಉಂಗುರವೇ ಕಾರ್ಖಾನೆಯ ಬಣ್ಣ. ಈಗಿನ ಕನ್ನಡಿಯಂಥ ಕ್ಲಿಯರ್ ಕೋಟ್ ಈ ಕಾರಿಗೆ ಒಪ್ಪುವುದಿಲ್ಲ. ಮದುವೆ ಮಂಟಪದ ಮೇಕಪ್ಪಿನಂತೆ ಕಾಣುತ್ತದೆ.

ಆಸೆಗಳು ಬರುವುದೂ ಈ ಹೊತ್ತಿಗೇ. ಸ್ಪ್ರಿಂಟ್ ಜಿಟಿಗೆ ಬಂದದ್ದು ಡನ್ಲಪ್ ಬ್ರೇಕ್. ಅದನ್ನು ರಿಪೇರಿ ಮಾಡುವ ಬದಲು ಮುಂದಿನ ಮಾದರಿಗಳಿಗೆ ಬಂದ ಎಟಿಇ ಕಂಪನಿಯ ಬ್ರೇಕ್ ಹಾಕಿಬಿಡಿ ಎಂದು ಹತ್ತು ಜನ ಹೇಳುತ್ತಾರೆ. ರೇಸಿಗೆಂದೇ 1965ರಲ್ಲಿ ಬಂದ ಹಗುರ ಜಿಟಿಎ ಥರ ಅಗಲದ ಚಕ್ರ ಹಾಕಿ ಎಂದು ಇನ್ನೊಬ್ಬರು. ದಿನಾ ಓಡಿಸುವವರು ಹಾಕಿಕೊಳ್ಳಲಿ, ತಪ್ಪೇನಿಲ್ಲ. ಆದರೆ ಆಮೇಲೆ ಅದನ್ನು ಮೂಲ ಸ್ಥಿತಿ ಎಂದು ಕರೆಯುವಂತಿಲ್ಲ. ಇದಕ್ಕೆ 15 ಇಂಚಿನ ಉಕ್ಕಿನ ಚಕ್ರ, 155 ಮಿ.ಮೀ. ಅಗಲದ ಸಣಕಲು ಟೈರ್. ಪಿರೆಲ್ಲಿ ಹಳೆಯ ಚಿಂತುರಾತೊ ಟೈರುಗಳನ್ನು ಈಗ ಮತ್ತೆ ತಯಾರಿಸುತ್ತಿದೆ.

ಮೊದಲ ಸ್ಟಾರ್ಟ್

ಸ್ಪಾರ್ಕ್ ಪ್ಲಗ್‌ಗಳನ್ನು ತೆಗೆದಿಟ್ಟು ಸ್ಟಾರ್ಟರ್ ತಿರುಗಿಸಿ. ಆಯಿಲ್ ಪ್ರೆಷರ್ ಮುಳ್ಳು ಏಳುವವರೆಗೆ ಪ್ಲಗ್ ಹಾಕಬೇಡಿ. ರೇಡಿಯೇಟರ್‌ಗೆ ಕೂಲೆಂಟ್ ತಪ್ಪಿಸಬೇಡಿ. ಸ್ವಲ್ಪ ದೂರ ಓಡಿದ ಮೇಲೆ ಹೆಡ್ ನಟ್‌ಗಳನ್ನು ಟಾರ್ಕ್ ರೆಂಚ್‌ನಲ್ಲಿ ಮತ್ತೆ ಬಿಗಿ ಮಾಡಿ, ಆಯಿಲ್ ಬದಲಿಸಿ.

ಬೆಳಿಗ್ಗೆ ಚಳಿಯಲ್ಲಿ ಎರಡನೇ ಗೇರ್ ಹಾಕುವಾಗ ‘ಕರ್ರ್’ ಎಂದರೆ ಗಾಬರಿಯಾಗಬೇಡಿ, ಗೇರ್ ಬಾಕ್ಸ್ ಮತ್ತೆ ಇಳಿಸಲೂ ಹೋಗಬೇಡಿ. ಈ ಗೇರ್ ಬಾಕ್ಸಿನಲ್ಲಿ ಎರಡನೇ ಗೇರಿನ ಸಿಂಕ್ರೊ, ಅಂದರೆ ಗೇರುಗಳ ವೇಗ ಹೊಂದಿಸುವ ಭಾಗ, ಮೊದಲಿನಿಂದಲೂ ಸೂಕ್ಷ್ಮ. ಎಣ್ಣೆ ಬಿಸಿಯಾಗುವವರೆಗೆ ಕೈ ನಿಧಾನ ಮಾಡಿ.